ಗೇರು ಬೀಳದ ಲಾರಿ

ಬ್ಯಾಂಕಿನ ಗುಮಾಸ್ತನಿಗೂ ಲಾರಿಯ ಗೇರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಿವೃತ್ತನಾಗುವವರೆಗೆ ನಾನು ಕುಳಿತದ್ದು ಸಾಲದ ಮೇಜಿನ ಹಿಂದೆ. ನೆಗಮಂ, ಪೊಳ್ಳಾಚಿ ಸುತ್ತಿನಲ್ಲಿ ತೆಂಗಿನಕಾಯಿ, ನಾರು ಸಾಗಿಸುವವರಲ್ಲಿ ಒಂದೇ ಲಾರಿ ಇಟ್ಟುಕೊಂಡವರು ಬಹಳ ಮಂದಿ. ಕಂತು ತಪ್ಪಿದಾಗ ಅವರ ಬಾಯಲ್ಲಿ ಮತ್ತೆ ಮತ್ತೆ ಕೇಳಿದ ಮಾತು, "ಗೇರ್‌ಬಾಕ್ಸ್ ಇಳಿಸಿದ್ದಾರೆ ಸಾರ್." ಅದರ ಹಿಂದೆಯೇ ಮನೆಯ ಹೆಂಗಸರ ಒಡವೆ ಅಡವಿಗೆ ಬರುತ್ತಿತ್ತು. ಸಾಲದ ಗಾಡಿ ನೋಡಲು ವರ್ಕ್‌ಶಾಪಿಗೆ ಹೋಗಿ, ಫಿಟ್ಟರುಗಳ ಪಕ್ಕದಲ್ಲಿ ನಿಂತು ತಿಳಿದುಕೊಂಡದ್ದನ್ನು ಇಂದು ಹೇಳುತ್ತೇನೆ.

ತಮಿಳಿನಲ್ಲಿ "ಗಿಯರ್ ವಿಳಲೆ" ಎನ್ನುತ್ತಾರೆ. ನಾವು ಮನೆಯಲ್ಲಿ "ಗೇರು ಬೀಳ್ತಿಲ್ಲ" ಎನ್ನುತ್ತೇವೆ. ಎರಡು ಭಾಷೆಯಲ್ಲೂ ಗೇರಿನ ಮೇಲೆಯೇ ತಪ್ಪು ಹೊರಿಸಿಬಿಟ್ಟೆವು! ಬಹಳ ಸಲ ತಪ್ಪು ಕ್ಲಚ್ಚಿನದು. ಮಗ್ಗದಲ್ಲಿ ಎಳೆ ಪದೇ ಪದೇ ಕಡಿದರೆ ನಮ್ಮ ನೇಕಾರರು ಮೊದಲು ಹಣಿಗೆ ನೋಡುತ್ತಾರೆ, ಲಾಳಿ ನೋಡುತ್ತಾರೆ. ಮಗ್ಗವನ್ನೇ ಬಿಚ್ಚಿ ಹಾಕುವುದಿಲ್ಲ.

ಕಾಸು ಖರ್ಚಿಲ್ಲದ ಪರೀಕ್ಷೆ ಒಂದಿದೆ. ಲಾರಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಇಂಜಿನ್ ನಿಲ್ಲಿಸಿ ಕ್ಲಚ್ ತುಳಿದು ಒಂದೊಂದಾಗಿ ಎಲ್ಲ ಗೇರೂ ಹಾಕಿ ನೋಡಿ. ಹಲ್ಲಿಗೆ ಹಲ್ಲು ಎದುರು ನಿಂತರೆ ಒಂದು ಸಲ ಬೀಳದೆ ಇರಬಹುದು. ಆಗ ಲಿವರನ್ನು ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಮತ್ತೆ ತುಳಿದು ಹಾಕಿ. ನಂತರ ಇಂಜಿನ್ ಚಾಲೂ ಮಾಡಿ ಅದನ್ನೇ ಮಾಡಿ. ನಿಂತಾಗ ಸುಲಭವಾಗಿ ಬಿದ್ದು, ಓಡುವಾಗ ಕರಕರ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಇಂಜಿನ್ ನಿಂತಾಗಲೂ ಬಿಗಿಯಾಗಿದ್ದರೆ ದೋಷ ಲಿವರಿನ ಕಡೆ, ಇಲ್ಲವೇ ಪೆಟ್ಟಿಗೆಯೊಳಗೆ.

ಕ್ಲಚ್ ಎಂದೊಡನೆ "ಪ್ಲೇಟ್ ಹೋಯಿತು" ಎನ್ನುವವರ ಮಾತಿಗೆ ಸ್ವಲ್ಪ ತಡೆಯಿರಿ. ಎಣ್ಣೆಯ ಒತ್ತಡದಲ್ಲಿ ನಡೆಯುವ ಕ್ಲಚ್ಚಾದರೆ ಡಬ್ಬಿಯಲ್ಲಿ ಎಣ್ಣೆ ಇದೆಯೇ, ಮಾಸ್ಟರ್ ಸಿಲಿಂಡರ್, ಸ್ಲೇವ್ ಸಿಲಿಂಡರ್‌ಗಳ ಬಳಿ ಒದ್ದೆ ಇದೆಯೇ ನೋಡಿ. ಪೆಡಲನ್ನು ಎರಡು ಮೂರು ಸಲ ಪಟಪಟನೆ ತುಳಿದ ಮೇಲೆ ಗೇರು ಬೀಳುವುದಾದರೆ ಕೊಳವೆಯಲ್ಲಿ ಗಾಳಿ ಸೇರಿರಬಹುದು, ಮಾಸ್ಟರ್ ಸಿಲಿಂಡರಿನ ರಬ್ಬರ್ ಸವೆದಿರಬಹುದು. ಪೆಡಲಿನ ಸಡಿಲ ಹೆಚ್ಚಾದರೂ ಕ್ಲಚ್ ಬಿಡುವುದಿಲ್ಲ. ಸಡಿಲವೇ ಇಲ್ಲದಿದ್ದರೆ ಪ್ಲೇಟು ಜಾರಿ ಸುಡುತ್ತದೆ. ಎಷ್ಟಿರಬೇಕೆಂಬುದು ಗಾಡಿಯ ಕೈಪಿಡಿಯಲ್ಲಿರುತ್ತದೆ. ಇವೆಲ್ಲ ಸರಿಯಿದ್ದೂ ತೊಂದರೆ ನಿಲ್ಲದಿದ್ದರೆ ಮಾತ್ರ ಡೊಂಕಾದ ಪ್ಲೇಟು, ಹಿಡಿದ ಪೈಲಟ್ ಬೇರಿಂಗ್ ಎಂದು ಯೋಚಿಸಬೇಕು. ಅದಕ್ಕೆ ಪೆಟ್ಟಿಗೆ ಇಳಿಸಲೇಬೇಕು.

ಶಬ್ದವೂ ಸುಳಿವು ಕೊಡುತ್ತದೆ. ನ್ಯೂಟ್ರಲ್‌ನಲ್ಲಿ ಗುರ್ ಎನ್ನುವುದು ಕ್ಲಚ್ ತುಳಿದಾಗ ನಿಂತರೆ ಪೆಟ್ಟಿಗೆಯ ಮುಂದಿನ ಶಾಫ್ಟಿನ ಬೇರಿಂಗ್ ನೋಡಬೇಕು. ತುಳಿದಾಗಲೇ ಶುರುವಾದರೆ ರಿಲೀಸ್ ಬೇರಿಂಗ್. ಒಂದೇ ಒಂದು ಗೇರು ಮಾತ್ರ ಕರಕರ ಎಂದರೆ ಆ ಗೇರಿನ ಸಿಂಕ್ರೊ ರಿಂಗ್ ಸವೆದಿರುವುದು ಹೆಚ್ಚು. ಈ ಬಳೆ ಎರಡು ಚಕ್ರಗಳ ವೇಗವನ್ನು ಸಮ ಮಾಡಿ ಹಲ್ಲು ಕೂಡಿಸುತ್ತದೆ. ಹಿಂದಿನ ಲಾರಿಗಳಲ್ಲಿ ಇದು ಇರಲಿಲ್ಲ. ಎರಡು ಸಲ ಕ್ಲಚ್ ತುಳಿದು, ನಡುವೆ ಇಂಜಿನ್ ವೇಗ ಹೊಂದಿಸುವ ಕೆಲಸ ಡ್ರೈವರನ ಕಾಲಿನದೇ ಆಗಿತ್ತು. ಆ ಹಳಬರು ಈಗಲೂ ಹಾಗೆಯೇ ಓಡಿಸುತ್ತಾರೆ. ಅವರ ಗಾಡಿಯ ಬಳೆಗಳು ಬಹಳ ದಿನ ಬಾಳುತ್ತವೆ.

ಇನ್ನು ನಾನು ನಿಜವಾಗಿ ಹೇಳಬೇಕೆಂದಿದ್ದ ವಿಷಯ. ಗೇರು ಬೀಳದಿದ್ದರೆ ಲಾರಿ ನಿಲ್ಲುತ್ತದೆ, ಬಾಡಿಗೆ ಹೋಗುತ್ತದೆ, ಅಷ್ಟೆ. ಬಿದ್ದ ಗೇರು ತಾನಾಗಿ ಎಗರಿ ನ್ಯೂಟ್ರಲ್‌ಗೆ ಬಂದರೆ ಪ್ರಾಣಕ್ಕೇ ಸಂಚಕಾರ. ನಮ್ಮ ಕಡೆಯ ಕಾಯಿ ಸತ್ಯಮಂಗಲ ದಾಟಿ ಚಾಮರಾಜನಗರಕ್ಕೆ ಹೋಗುವುದು ದಿಂಬಂ ಘಟ್ಟದ ಮೇಲೆ. ಬಣ್ಣಾರಿಯಿಂದ ದಿಂಬಂಗೆ 27 ಹೇರ್‌ಪಿನ್ ತಿರುವುಗಳು. ಇಳಿಯುವಾಗ ಭಾರವನ್ನು ಹಿಡಿದಿಡುವುದು ಕೆಳಗಿನ ಗೇರಿನಲ್ಲಿರುವ ಇಂಜಿನ್. ಗೇರು ಎಗರಿದರೆ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕು ಕಾಯುತ್ತದೆ, ಕಾದ ಬ್ರೇಕು ಹಿಡಿಯುವುದಿಲ್ಲ. ಆ ವೇಗದಲ್ಲಿ ಮತ್ತೆ ಗೇರು ಹಾಕಹೋದರೆ ಬೀಳುವುದೂ ಕಷ್ಟ.

ಇದಕ್ಕೆ ಕೆಲವರು ಮಾಡುವ ಪರಿಹಾರವೆಂದರೆ ಲಿವರಿಗೆ ಟ್ಯೂಬ್ ರಬ್ಬರ್ ಕಟ್ಟುವುದು, ಇಲ್ಲವೇ ಕ್ಲೀನರ್ ಹುಡುಗನ ಕೈಯಲ್ಲಿ ಒತ್ತಿ ಹಿಡಿಸುವುದು. ದಯವಿಟ್ಟು ಬೇಡ. ಹಾಗೆ ಒತ್ತಿದರೆ ಒಳಗಿನ ಫೋರ್ಕು ಇನ್ನೂ ಬೇಗ ಸವೆಯುತ್ತದೆ. ಸುಮ್ಮನೆ ಲಿವರಿನ ಮೇಲೆ ಕೈಯಿಟ್ಟು ಓಡಿಸುವ ಅಭ್ಯಾಸವೂ ಅದನ್ನೇ ಮಾಡುತ್ತದೆ. ಮೊದಲು ಇಂಜಿನ್ ಮತ್ತು ಪೆಟ್ಟಿಗೆಯ ಮೌಂಟಿಂಗ್ ರಬ್ಬರು, ಬೋಲ್ಟು, ಲಿವರಿನಿಂದ ಹೋಗುವ ಸರಳು, ಬುಷ್ ನೋಡಿಸಿ. ಆಮೇಲೆ ಗೇರನ್ನು ಸ್ಥಾನದಲ್ಲಿ ಹಿಡಿಯುವ ಗುಂಡು ಮತ್ತು ಸ್ಪ್ರಿಂಗು. ಹಲವು ಪೆಟ್ಟಿಗೆಗಳಲ್ಲಿ ಮೇಲಿನ ಮುಚ್ಚಳ ತೆಗೆದರೆ ಇವು ಸಿಗುತ್ತವೆ. ಫೋರ್ಕು, ಗೇರಿನ ಹಲ್ಲುಗಳ ಅಂಚು ಸವೆದು ದುಂಡಾಗಿದ್ದರೆ ಬಿಚ್ಚದೆ ವಿಧಿಯಿಲ್ಲ. ಅಲ್ಲಿ ಜಿಪುಣತನ ಬೇಡ. ಹಲ್ಲಿಗೆ ವೆಲ್ಡಿಂಗ್ ತುಂಬಿಸಿ ಉಜ್ಜಿ ಕೊಡುವುದೂ ಬೇಡ. ಅದು ತಡೆಯುವುದಿಲ್ಲ.

ಬಿಚ್ಚುವ ಮುನ್ನ ಎಣ್ಣೆ ಇಳಿಸುವಾಗ ಮಾಲೀಕರೇ ಹತ್ತಿರ ನಿಲ್ಲಿ. ಬಟ್ಟೆಯಲ್ಲಿ ಸೋಸಿಸಿ. ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ನುಣ್ಣನೆಯ ಬೂದು ಹಿಟ್ಟು ಅಂಟಿದ್ದರೆ ಅದು ಸಹಜ ಸವೆತ. ಹಳದಿ ಚೂರು ಕಂಡರೆ ಹಿತ್ತಾಳೆಯ ಸಿಂಕ್ರೊ ಬಳೆಯ ಮೇಲೆ ಅನುಮಾನ ಪಡಿ. ಉಕ್ಕಿನ ತುಂಡು ಸಿಕ್ಕರೆ ಹಲ್ಲೋ ಬೇರಿಂಗೋ ಮುರಿದಿದೆ, ಗಾಡಿ ಓಡಿಸಬೇಡಿ. ಹೊಸ ಎಣ್ಣೆ ಕಂಪನಿ ಹೇಳಿದ ದರ್ಜೆಯದೇ ಇರಲಿ. ಬದಲಾಯಿಸಿದ ಹಳೆಯ ಬಿಡಿಭಾಗಗಳನ್ನು ಗೋಣಿಚೀಲದಲ್ಲಿ ಕಟ್ಟಿಸಿ ಮನೆಗೆ ತನ್ನಿ, ಬಿಲ್ಲಿನ ಒಂದೊಂದು ಸಾಲಿಗೂ ಒಂದೊಂದನ್ನು ಹೊಂದಿಸಿ ನೋಡಿ. ಇದು ಗುಮಾಸ್ತನ ಬುದ್ಧಿ, ಫಿಟ್ಟರುಗಳು ಬೇಸರಪಟ್ಟುಕೊಳ್ಳಬಾರದು. ಘಟ್ಟಕ್ಕೆ ಕಾಯಿ ಹೇರುವ ಮುನ್ನ ಖಾಲಿ ಗಾಡಿಯನ್ನು ಊರ ಹತ್ತಿರದ ಸಣ್ಣ ಇಳಿಜಾರಿನಲ್ಲಿ, ಕಾಲು ಬ್ರೇಕಿನ ಮೇಲಿಟ್ಟುಕೊಂಡೇ, ಎರಡನೆಯ ಗೇರಿನಲ್ಲಿ ಒಂದೆರಡು ಸಲ ಇಳಿಸಿ ನೋಡಿ.