ದಲಾಲಿಗೂ ಒಂದು ಕರಾರು ಬೇಕು



ಮನೆ ಮಾಲೀಕ ಎಂದರೆ ದೊಡ್ಡ ಕುಳ ಎಂದು ಜನ ತಿಳಿದಿದ್ದಾರೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಿಂದ ಬಂದವರು ಸೇರಿರುವ ಈ ಸಭೆಯಲ್ಲಿ ಹೆಚ್ಚಿನವರ ಆಸ್ತಿ ಒಂದೇ ಒಂದು ವನ್ ಬಿಎಚ್‌ಕೆ. ಹೋಟೆಲಿನಲ್ಲೋ ಬ್ಯಾಂಕಿನಲ್ಲೋ ದುಡಿದು, ಸಾಲ ತೀರಿಸಿ, ನಿವೃತ್ತರಾಗಿ ಉಡುಪಿ, ಕುಂದಾಪುರದ ಕಡೆ ಹೋಗಿ ನೆಲೆಸಿದವರೂ ಇದ್ದೀರಿ. ಆ ಮನೆಯ ಬಾಡಿಗೆಯೇ ನಿಮ್ಮ ಪಿಂಚಣಿ. ಮನೆಯ ಕೀಲಿ ಮಾತ್ರ ಬ್ರೋಕರನ ಕೈಯಲ್ಲಿ.

ಬ್ರೋಕರರನ್ನು ಬೈಯಲು ನಾನು ಇಲ್ಲಿ ನಿಂತಿಲ್ಲ. ಬಿಸಿಲಲ್ಲಿ ಹತ್ತು ಮಂದಿಗೆ ಮನೆ ತೋರಿಸಿ ಒಬ್ಬರನ್ನು ಒಪ್ಪಿಸುವುದು ಸುಲಭವಲ್ಲ. ಅದಕ್ಕೆ ಒಂದು ತಿಂಗಳ ಬಾಡಿಗೆ ದಲಾಲಿ ಕೊಡೋಣ. ಆದರೆ ಹನ್ನೊಂದು ತಿಂಗಳಾದ ಮೇಲೆ ಅದೇ ಬಾಡಿಗೆದಾರ ಅದೇ ಮನೆಯಲ್ಲಿ ಮುಂದುವರಿದರೆ ಮತ್ತೆ ದಲಾಲಿ ಏಕೆ? ಅದರ ಮೇಲೆ 'ಎಗ್ರಿಮೆಂಟ್ ಖರ್ಚು' ಎಂದು ಒಂದು ದುಂಡು ಮೊತ್ತ. ಬಿಡಿ ಲೆಕ್ಕ ಕೇಳಿದರೆ ಉತ್ತರವಿಲ್ಲ.

ಲೆಕ್ಕ ನಾವೇ ಹಾಕೋಣ. ತಿಂಗಳಿಗೆ 20,000 ಬಾಡಿಗೆ, ಒಂದು ಲಕ್ಷ ಡಿಪಾಸಿಟ್, 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು. ಒಟ್ಟು ಬಾಡಿಗೆ 2,20,000. ಡಿಪಾಸಿಟ್ ಮೇಲೆ ವರ್ಷಕ್ಕೆ ಶೇ. 10ರಂತೆ ಬಡ್ಡಿ ಎಂದು ಸುಮಾರು 9,200 ಸೇರಿಸಿ. ಅದರ ಶೇ. 0.25 ಮುದ್ರಾಂಕ ಶುಲ್ಕ, ಅಂದರೆ ಹತ್ತಿರ ಹತ್ತಿರ 600 ರೂಪಾಯಿ. ನಗರ ಪ್ರದೇಶದಲ್ಲಿ ನೋಂದಣಿ ಶುಲ್ಕ 1,000. ಇದರ ಮೇಲಿನದು ಬಹುಪಾಲು ಕಾಗದ ಮಾಡಿಸುವವರ ಕೂಲಿ. ಕೂಲಿ ಕೊಡೋಣ, ಆದರೆ ಕೂಲಿ ಎಂದು ಹೇಳಿಸಿಕೊಂಡು ಕೊಡೋಣ.

ಹಣಕ್ಕಿಂತ ದೊಡ್ಡದು ಹೊಣೆ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ 55ನೇ ಕಲಮಿನ ಪ್ರಕಾರ ಕರಾರು ಬರಹದಲ್ಲಿರಬೇಕು, ನೋಂದಣಿಯಾಗಬೇಕು. ಆ ಜವಾಬ್ದಾರಿ ಮಾಲೀಕನದು. ತಪ್ಪಿದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನೋಂದಾಯಿತ ಕರಾರು ಇಲ್ಲದಿರುವಾಗ ಷರತ್ತುಗಳ ಬಗ್ಗೆ ತಕರಾರು ಬಂದರೆ, ಬೇರೆ ರೀತಿ ಸಾಬೀತಾಗುವವರೆಗೆ ಬಾಡಿಗೆದಾರ ಹೇಳಿದ್ದೇ ನಡೆಯುತ್ತದೆ. 'ರಿಜಿಸ್ಟ್ರಿ ನಾನು ನೋಡಿಕೊಳ್ಳುತ್ತೇನೆ ಅಣ್ಣಾ' ಎಂದ ಬ್ರೋಕರನ ಹೆಸರು ಆ ಕಲಮಿನಲ್ಲಿ ಎಲ್ಲೂ ಬರುವುದಿಲ್ಲ. 2016ರ ರೇರಾ ಕಾಯ್ದೆಯಡಿ ಏಜೆಂಟರು ನೋಂದಾಯಿಸಿಕೊಳ್ಳಬೇಕಾದದ್ದು ಯೋಜನೆಗಳ ಮನೆ ಮಾರಾಟಕ್ಕೆ. ಬಾಡಿಗೆ ದಲಾಲಿ ಅದರ ಹೊರಗೇ ಉಳಿಯಿತು.

ಊರಲ್ಲಿರುವವರಿಗೆ ಒಂದು ಮಾತು. ಓಡಾಟ ತಪ್ಪಲಿ ಎಂದು ಬ್ರೋಕರನಿಗೆ ಪವರ್ ಆಫ್ ಅಟಾರ್ನಿ ಬರೆದುಕೊಡಬೇಡಿ. ನಮ್ಮ ಕಡೆ 'ಹೆವಿ ಡಿಪಾಸಿಟ್' ಮೋಸ ನಡೆಯುವುದೇ ಹೀಗೆ: ಬ್ರೋಕರ ಬಾಡಿಗೆದಾರನಿಂದ ಒಟ್ಟಿಗೆ ಲಕ್ಷಗಟ್ಟಲೆ ಪಡೆದು, ನಿಮಗೆ ತಿಂಗಳ ಬಾಡಿಗೆ ಎಂದು ಕೆಲಕಾಲ ಕಳುಹಿಸಿ, ಒಂದು ದಿನ ಫೋನ್ ಬಂದ್. ಆಮೇಲೆ ಬಾಗಿಲಲ್ಲಿ ಎದುರುಬದುರಾಗಿ ನಿಲ್ಲುವವರು ಮೋಸಹೋದ ಇಬ್ಬರು. ಡಿಪಾಸಿಟ್ ನಿಮ್ಮ ಖಾತೆಗೇ ಬರಲಿ. ಆಧಾರ್ ಮೂಲಕ ಆನ್‌ಲೈನ್ ನೋಂದಣಿ ಇರುವಾಗ ಹೆಬ್ಬೆಟ್ಟೂ ನಿಮ್ಮದೇ ಇರಲಿ.

  

ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಮಾಲೀಕನ ಪರವಾಗಿ ಮನೆ ನೋಡಿಕೊಳ್ಳುವವನ ಕರ್ತವ್ಯಗಳನ್ನಾದರೂ ಬರೆದಿಟ್ಟಿದೆ. ಬಾಡಿಗೆ ಏಜೆಂಟರಿಗೂ ನೋಂದಣಿ, ರಸೀದಿ ಕಡ್ಡಾಯವಾಗಲಿ ಎಂಬ ಠರಾವನ್ನು ಇಂದು ಮಂಡಿಸುತ್ತಿದ್ದೇನೆ, ಒಪ್ಪಿಗೆ ಕೊಡಿ. ಸರಕಾರ ಕಣ್ಣು ತೆರೆಯುವವರೆಗೆ ಕಾಯಬೇಕಿಲ್ಲ. ದಲಾಲಿ ಎಷ್ಟು, ಯಾವ ಕೆಲಸಕ್ಕೆ, ರಿನ್ಯೂವಲ್‌ಗೆ ಏನು, ಪೊಲೀಸ್ ವೆರಿಫಿಕೇಶನ್ ಯಾರು ಮಾಡಿಸುವುದು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆಸಿ, ಬ್ರೋಕರನ ಸಹಿ ಪಡೆದು, ಆಮೇಲೆ ಕೀಲಿ ಕೊಡಿ.