ಹಬ್ಬದ ದಿನದ ದುಡಿಮೆಗೆ ಬೆಲೆ ನಾವೇ ಕಟ್ಟೋಣ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದ ಮನೆಗೆಲಸ ಮುಗಿಸಿ, ಬಸ್ಸು ಹತ್ತಿ ಬಂದಿದ್ದೀರಿ. ಇವತ್ತು ಉಳಿತಾಯ, ಸಾಲ, ಬಡ್ಡಿಯ ಮಾತು ಬೇಡ. ಬೇರೆ ಒಂದು ಪ್ರಶ್ನೆ ಕೇಳುತ್ತೇವೆ. ಹಬ್ಬದ ದಿನ, ರಜಾ ದಿನ ನೀವು ಮಾಡಿಕೊಡುವ ಕೆಲಸಕ್ಕೆ ಎಷ್ಟು ದುಡ್ಡು ತಗೋತೀರಿ?

ಸಂಘಗಳಲ್ಲಿ ಇದನ್ನು ಕೇಳಿದಾಗಲೆಲ್ಲ ನಮಗೆ ಸಿಗುವ ಉತ್ತರ ಒಂದೇ: "ಅವರು ಕೊಟ್ಟಷ್ಟು ಸಿಸ್ಟರ್." ಕೆಲವರು, "ಹಬ್ಬದ ದಿನ ಜಾಸ್ತಿ ಕೇಳೋದು ಚೆನ್ನಾಗಿರಲ್ಲ" ಅಂತಾರೆ. ಆದರೆ ನಮಗೆ ಹೆಚ್ಚು ಕೆಲಸ ಬರುವುದೇ ಹಬ್ಬಕ್ಕೆ. ಹಾಸನಾಂಬೆಯ ಬಾಗಿಲು ವರ್ಷಕ್ಕೊಂದು ಸಲ ಆಶ್ವಯುಜ ಮಾಸದಲ್ಲಿ ತೆರೆದು ದೀಪಾವಳಿ ಮುಗಿಯುತ್ತಿದ್ದಂತೆ ಮುಚ್ಚುತ್ತದೆ. ಆ ದಿನಗಳಲ್ಲಿ ಹೂ ಕಟ್ಟುವವರಿಗೆ, ಹೋಳಿಗೆ ತಟ್ಟುವವರಿಗೆ, ಹೋಟೆಲಿಗೆ ಚಪಾತಿ ಮಾಡಿಕೊಡುವವರಿಗೆ ಕೂರಲು ಪುರುಸೊತ್ತಿಲ್ಲ. ರಾಮನಾಥಪುರದ ಷಷ್ಠಿ ಜಾತ್ರೆಗೂ ಹಾಗೇ. ಗೌರಿ ಹಬ್ಬಕ್ಕೆ, ರಂಜಾನಿಗೆ, ಕ್ರಿಸ್ಮಸ್ಸಿಗೆ ಹೊಲಿಗೆಯವರು ರಾತ್ರಿ ಹನ್ನೆರಡರವರೆಗೆ ಮೆಷಿನ್ ತುಳಿಯುತ್ತಾರೆ. ಊರೆಲ್ಲ ಹಬ್ಬ ಮಾಡುವಾಗ ನಮ್ಮ ಮನೆಯ ಮಕ್ಕಳು ಅಮ್ಮನಿಗಾಗಿ ಕಾಯುತ್ತವೆ. ಅದಕ್ಕೆ ಲೆಕ್ಕ ಬೇಡವೇ?

ಕಾನೂನು ಏನು ಹೇಳುತ್ತದೆ ನೋಡಿ. ಕರ್ನಾಟಕದಲ್ಲಿ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಬಗ್ಗೆ 1963ರ ಒಂದು ಕಾಯಿದೆ ಇದೆ. ಅದರ ಪ್ರಕಾರ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 – ಈ ಐದು ದಿನ ಮತ್ತು ಐದು ಹಬ್ಬದ ದಿನ ನೌಕರರಿಗೆ ಸಂಬಳ ಸಹಿತ ರಜೆ ಕೊಡಬೇಕು. ಆ ದಿನ ಕೆಲಸಕ್ಕೆ ಕರೆದರೆ ಎರಡು ಪಟ್ಟು ಕೂಲಿ, ಇಲ್ಲವೇ ಆ ದಿನದ ಕೂಲಿಯ ಜೊತೆ ಬೇರೆ ದಿನ ಸಂಬಳದ ರಜೆ. ಗಾರ್ಮೆಂಟ್ಸಿಗೆ ಹೋಗುವ ನಿಮ್ಮ ಹೆಣ್ಣುಮಕ್ಕಳಿಗೆ ಇದನ್ನು ತಪ್ಪದೆ ಹೇಳಿ.

ಮನೆಯಲ್ಲೇ ಕೂತು ಗಿರಾಕಿಗೆ ಕೆಲಸ ಮಾಡಿಕೊಡುವ ನಮಗೆ ಮಾಲೀಕನೂ ಇಲ್ಲ, ರಜೆಯೂ ಇಲ್ಲ. ಆ ಕಾಯಿದೆ ನಮ್ಮ ಬಾಗಿಲಿಗೆ ಬರುವುದಿಲ್ಲ. ಆದರೆ ಅದರಲ್ಲಿರುವ ನ್ಯಾಯ ನಮಗೂ ಸಲ್ಲುತ್ತದೆ. ರಜಾ ದಿನದ ದುಡಿಮೆಗೆ ಎರಡು ಪಟ್ಟು ಕೇಳುವುದು ದುರಾಸೆಯಲ್ಲ, ಸರ್ಕಾರವೇ ಒಪ್ಪಿದ ಅಳತೆ.

ಲೆಕ್ಕ ಹಾಕುವುದು ಹೇಗೆ? ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬರು ರವಿಕೆಗೆ 150 ರೂಪಾಯಿ ತಗೋತಾರೆ ಅಂತಿಟ್ಟುಕೊಳ್ಳಿ. ದಾರ, ಹುಕ್ಕು, ಲೈನಿಂಗು, ಕರೆಂಟು ಸೇರಿ 30 ರೂಪಾಯಿ ಖರ್ಚು. ಉಳಿದ 120 ಅವರ ಕೂಲಿ. ಒಂದು ರವಿಕೆಗೆ ಎರಡು ಗಂಟೆ ಬೇಕಾದರೆ ಗಂಟೆಗೆ 60 ರೂಪಾಯಿ ಬಿತ್ತು. ಹಬ್ಬದ ದಿನ ಎರಡು ಪಟ್ಟು ಆಗಬೇಕಾದ್ದು ಕೂಲಿ ಮಾತ್ರ, ದಾರದ ಬೆಲೆ ಅಲ್ಲ. 240 ಕೂಲಿ, 30 ಖರ್ಚು, ಒಟ್ಟು 270. ಗಿರಾಕಿ "ಯಾಕಮ್ಮ ಇಷ್ಟು?" ಅಂದರೆ ಈ ಲೆಕ್ಕವನ್ನು ಬಾಯಲ್ಲೇ ಹೇಳಬಹುದು. ಲೆಕ್ಕ ಗೊತ್ತಿದ್ದವರಿಗೆ ಬೆಲೆ ಹೇಳಲು ನಾಚಿಕೆ ಇರುವುದಿಲ್ಲ. ಅಡುಗೆಗೆ ಹೋಗುವವರು ರಾತ್ರಿ ವಾಪಸ್ ಬರುವ ಆಟೋ ಬಾಡಿಗೆಯನ್ನೂ ಖರ್ಚಿನಲ್ಲಿ ಸೇರಿಸಿ.

ಒಬ್ಬರೇ ಕೇಳಿದರೆ ಗಿರಾಕಿ ಪಕ್ಕದ ಮನೆಗೆ ಹೋಗುತ್ತಾರೆ. ಆದ್ದರಿಂದ ಇದನ್ನು ಸಂಘದಲ್ಲೇ ತೀರ್ಮಾನ ಮಾಡಬೇಕು. ಅಹಮದಾಬಾದಿನಲ್ಲಿ ಇಳಾ ಭಟ್ ಅವರು 1972ರಲ್ಲಿ 'ಸೇವಾ' ಸಂಘ ಕಟ್ಟಿದಾಗ ಸೇರಿದವರು ನಮ್ಮಂಥವರೇ: ತರಕಾರಿ ಮಾರುವವರು, ತಲೆಹೊರೆ ಹೊರುವವರು, ಮನೆಯಲ್ಲಿ ಹೊಲಿಯುವವರು. ಒಗ್ಗಟ್ಟಾದ ಮೇಲೆಯೇ ಅವರ ಮಾತಿಗೆ ತೂಕ ಬಂತು. ನಮ್ಮ ಸಲಹೆಗಳು ಇವು:

1. ರಜಾ ದಿನಗಳು ಯಾವುವು ಎಂದು ಪಟ್ಟಿ ಮಾಡಿ. ಕಾಯಿದೆಯ ಐದು ದಿನ, ಅದರ ಮೇಲೆ ಎಲ್ಲ ಧರ್ಮದ ಸದಸ್ಯೆಯರೂ ಒಪ್ಪಿದ ಐದು ಹಬ್ಬ. ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿ.

2. ದರ ಆ ದಿನಕ್ಕೆ ಸೇರಿದ್ದು, ಯಾರು ಮಾಡುತ್ತಾರೆ ಅನ್ನುವುದಕ್ಕಲ್ಲ. "ದೀಪಾವಳಿ ನಮ್ಮ ಹಬ್ಬ ಅಲ್ಲ, ನಾನು ಮಾಮೂಲಿ ದರಕ್ಕೇ ಮಾಡ್ತೀನಿ" ಎಂದು ಒಬ್ಬರು ಹೊರಟರೆ ಉಳಿದವರ ಬೆಲೆ ಬಿದ್ದುಹೋಗುತ್ತದೆ. ಕ್ರಿಸ್ಮಸ್ ದಿನ ಅದೇ ಪೆಟ್ಟು ಅವರಿಗೆ ವಾಪಸ್ ಬರುತ್ತದೆ.

3. ಹಬ್ಬಕ್ಕೆ ಹದಿನೈದು ದಿನ ಮೊದಲೇ ಗಿರಾಕಿಗಳಿಗೆ ತಿಳಿಸಿ. ಬೇಗ ಕೊಟ್ಟು, ಹಬ್ಬದ ಮುಂಚೆ ಮುಗಿಯುವ ಕೆಲಸಕ್ಕೆ ಮಾಮೂಲಿ ದರವೇ. ಹಬ್ಬದ ದಿನವೇ ಮಾಡಬೇಕಾದ ಕೆಲಸಕ್ಕೆ ಮಾತ್ರ ಹಬ್ಬದ ದರ. ಹೀಗೆ ಮಾಡಿದರೆ ಗಿರಾಕಿಯೂ ಉಳಿಯುತ್ತಾರೆ, ನಿಮ್ಮ ನಿದ್ದೆಯೂ ಉಳಿಯುತ್ತದೆ.

4. ಅರ್ಧ ಹಣ ಮುಂಗಡ ತೆಗೆದುಕೊಳ್ಳಿ. ಕೆಲಸ ಮುಗಿದ ಮೇಲೆ ಚೌಕಾಶಿ ಮಾಡಿದರೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

5. ಸಾವಿನ ಮನೆ, ಆಸ್ಪತ್ರೆ, ಬಾಣಂತಿಯ ಅಡುಗೆ – ಇವಕ್ಕೆ ಹೆಚ್ಚು ಕೇಳಬೇಡಿ. ಕಷ್ಟದಲ್ಲಿರುವವರ ಹತ್ತಿರ ವ್ಯಾಪಾರ ಬೇಡ.

ಇನ್ನೊಂದು ಮಾತು ಸ್ವಲ್ಪ ಖಾರವಾಗಿರಬಹುದು, ಕೋಪ ಮಾಡಿಕೊಳ್ಳಬೇಡಿ. ಹಬ್ಬದ ಆರ್ಡರ್ ಜಾಸ್ತಿಯಾದಾಗ ನಾವು ಬಟನ್ ಹಾಕಲು, ಪಾತ್ರೆ ತೊಳೆಯಲು ಪಕ್ಕದ ಬೀದಿಯ ಹೆಂಗಸನ್ನು ಕರೆಯುತ್ತೇವೆ. ಗಿರಾಕಿಯಿಂದ ಎರಡು ಪಟ್ಟು ತೆಗೆದುಕೊಂಡು ಆಕೆಗೆ ಮಾಮೂಲಿ ಕೂಲಿ, ಮೇಲೆ ಒಂದು ಡಬ್ಬಿ ಪಾಯಸ ಕೊಟ್ಟು ಕಳಿಸಿದರೆ ಅದು ನ್ಯಾಯವೇ? ಆಕೆಯ ಮನೆಯಲ್ಲೂ ಹಬ್ಬ ಇದೆ. ನಮಗೆ ಎರಡು ಪಟ್ಟು ಬಂದರೆ ಆಕೆಗೂ ಎರಡು ಪಟ್ಟು. ಇದನ್ನೂ ನಡಾವಳಿಯಲ್ಲಿ ಬರೆಯಿರಿ.

ಎರಡು ಪಟ್ಟು ಸಿಗುತ್ತದೆ ಅಂತ ಎಲ್ಲ ಹಬ್ಬವನ್ನೂ ಮಾರಿಕೊಳ್ಳಬೇಡಿ. ವರ್ಷದಲ್ಲಿ ಎರಡು ಮೂರು ದಿನವಾದರೂ "ಇವತ್ತು ಕೆಲಸ ಇಲ್ಲ" ಎಂದು ಬಾಗಿಲು ಹಾಕಿ, ಮಕ್ಕಳ ಜೊತೆ ಕೂತು ಊಟ ಮಾಡಿ. ಬೇಡ ಅನ್ನುವ ಹಕ್ಕು ಇದ್ದಾಗಲೇ ಬೆಲೆ ಹೇಳುವ ಧೈರ್ಯ ಬರುತ್ತದೆ. ಹಾಗೆ ಬೇಡ ಅಂದ ಸದಸ್ಯೆಯನ್ನು ಸಂಘದಲ್ಲಿ ಯಾರೂ ಆಡಿಕೊಳ್ಳಬಾರದು.

ಮುಂದಿನ ವಾರದ ಸಭೆಯಲ್ಲಿ ಪ್ರತಿಯೊಬ್ಬರೂ ತಮ್ಮ ಒಂದು ಗಂಟೆಯ ಕೂಲಿ ಎಷ್ಟು ಎಂದು ಲೆಕ್ಕ ಹಾಕಿಕೊಂಡು ಬನ್ನಿ. ಓದು ಬಾರದವರಿಗೆ ಓದಿದವರು ಬರೆದುಕೊಡಿ. ಮೊದಲು ಆ ಒಂದು ಅಂಕಿ ಗೊತ್ತಾಗಲಿ, ಹಬ್ಬದ ದರ ಅದರ ಮೇಲೆ ನಿಲ್ಲುತ್ತದೆ. ನಾವು ಸಂಘಗಳಿಗೆ ಬಂದಾಗ ನಡಾವಳಿ ಪುಸ್ತಕದ ಆ ಪುಟವನ್ನೇ ಮೊದಲು ನೋಡುತ್ತೇವೆ.