ಟ್ರ್ಯಾಕ್ಟರ್ ಟೈರಿಗೆ ನೀರು ತುಂಬಿಸುವಿಕೆ: ಪ್ರಯೋಜನ ಮತ್ತು ಮಿತಿ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಕಾರ್ಯಾಗಾರದ ಉಪನ್ಯಾಸ)



ಕಲ್ಲು, ಕೊರಕಲು ಹಾಗೂ ಇಳಿಜಾರಿನಿಂದ ಕೂಡಿದ ಹೊಲದಲ್ಲಿ ನೇಗಿಲು ಇಳಿಸಿದೊಡನೆ ಟ್ರ್ಯಾಕ್ಟರಿನ ಹಿಂಗಾಲಿ ನಿಂತಲ್ಲಿಯೇ ಸುತ್ತತೊಡಗುವುದನ್ನು ಎಲ್ಲರೂ ಕಂಡಿದ್ದಾರೆ. ಡೀಸೆಲ್ ಉರಿಯುತ್ತದೆ, ಟೈರು ಸವೆಯುತ್ತದೆ, ಉಳುಮೆ ಮಾತ್ರ ಸಾಗುವುದಿಲ್ಲ. ಗಂಟೆಯ ಲೆಕ್ಕದಲ್ಲಿ ಬಾಡಿಗೆ ತೆರುವ ಸಣ್ಣ ಹಿಡುವಳಿದಾರನೇ ಈ ನಷ್ಟವನ್ನು ಹೊರುತ್ತಾನೆ. ಹಿಂಗಾಲಿಗಳ ಟೈರಿಗೆ ನೀರು ತುಂಬಿಸುವುದು ಇದಕ್ಕೊಂದು ಸುಲಭ ಪರಿಹಾರ.

ಒಂದು ಲೀಟರ್ ನೀರಿನ ತೂಕ 1 ಕಿಲೋಗ್ರಾಂ. 13.6-28 ಅಳತೆಯ ಟೈರಿನ ಮುಕ್ಕಾಲು ಭಾಗಕ್ಕೆ ಸುಮಾರು 150 ಲೀಟರ್ ನೀರು ಹಿಡಿಯುತ್ತದೆ. ಎರಡು ಗಾಲಿಗಳಿಂದ ದೊರೆಯುವ ಸುಮಾರು 300 ಕಿಲೋಗ್ರಾಂ ಭಾರವು ಆಕ್ಸಲ್‌ಗೆ ಹೊರೆಯಾಗದೆ ನೇರವಾಗಿ ನೆಲವನ್ನು ಒತ್ತುತ್ತದೆ. ಶೀತ ದೇಶಗಳಲ್ಲಿ ನೀರು ಹೆಪ್ಪುಗಟ್ಟದಂತೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುವ ರೂಢಿಯಿದೆ. ಅದು ರಿಮ್ಮಿಗೆ ತುಕ್ಕು ಹಿಡಿಸುತ್ತದೆ. ನಮ್ಮ ನಾಡಿನ ಹವೆಗೆ ಶುದ್ಧ ನೀರೇ ಸಾಕು.

ತುಂಬಿಸುವಾಗ ಟ್ರ್ಯಾಕ್ಟರನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಉಳಿದ ಗಾಲಿಗಳಿಗೆ ಅಡೆ ಕೊಟ್ಟು, ಜಾಕಿನಿಂದ ಎತ್ತಿದ ಭಾಗಕ್ಕೆ ಭದ್ರವಾದ ಆಧಾರ ನೀಡಬೇಕು. ವಾಲ್ವ್ ಮೇಲ್ತುದಿಗೆ ಬರುವಂತೆ ಗಾಲಿ ತಿರುಗಿಸಿ, ವಾಲ್ವಿನ ಮಟ್ಟದವರೆಗೆ ಮಾತ್ರ ನೀರು ತುಂಬಿಸಬೇಕು. ಉಳಿದ ಜಾಗದಲ್ಲಿ ಗಾಳಿ ಇರಲೇಬೇಕು. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಪೂರ್ತಿ ನೀರು ತುಂಬಿದ ಟೈರು ಕಲ್ಲಿಗೆ ಬಡಿದಾಗ ಆಘಾತ ತಾಳಲಾರದು.

ಭಾರ ಸಾಕೇ ಎಂಬುದನ್ನು ರೈತನೇ ಪರೀಕ್ಷಿಸಬಹುದು. ಗಾಲಿಗೆ ಸುಣ್ಣದ ಗುರುತು ಹಾಕಿ, ನೇಗಿಲು ಎತ್ತಿದ ಸ್ಥಿತಿಯಲ್ಲಿ 10 ಸುತ್ತಿಗೆ ಕ್ರಮಿಸಿದ ದೂರವನ್ನು ಅಳೆಯಬೇಕು. ಅದು 40 ಮೀಟರ್ ಇದ್ದು, ಉಳುವಾಗ 10 ಸುತ್ತಿಗೆ 35 ಮೀಟರ್ ಬಂದರೆ ಜಾರುವಿಕೆ ಶೇ. 12.5. ಶೇ. 15ರವರೆಗಿನ ಜಾರುವಿಕೆ ಸಹಜ. ಅದಕ್ಕಿಂತ ಹೆಚ್ಚಾದರೆ ಭಾರ ಬೇಕು. ತೀರಾ ಕಡಿಮೆಯಾದರೆ ಭಾರ ಅತಿಯಾಗಿದೆ ಎಂದರ್ಥ. ಅತಿಭಾರವು ಮಣ್ಣನ್ನು ಬಿಗಿಗೊಳಿಸಿ ಬೇರು ಇಳಿಯದಂತೆ ಮಾಡುತ್ತದೆ. ಕೆಸರುಗದ್ದೆಗೆ ಇಳಿಯುವ ಮುನ್ನ ನೀರನ್ನು ತೆಗೆಸುವುದು ಒಳಿತು.

ಎಲ್ಲಕ್ಕಿಂತ ಮುಖ್ಯವಾದುದು ಚಾಲಕನ ಜೀವ. ಟೈರಿನ ತಳದ ನೀರು ಟ್ರ್ಯಾಕ್ಟರಿನ ಸ್ಥಿರತೆಗೆ ನೆರವಾಗುತ್ತದೆಯೇ ಹೊರತು ಉರುಳುವುದನ್ನು ತಡೆಯುವ ಭರವಸೆಯಲ್ಲ. ಏರಿನಲ್ಲಿ ಭಾರ ಎಳೆಯುವಾಗ ಮುಂಗಾಲಿ ಹಗುರಾದರೆ ಸ್ಟಿಯರಿಂಗ್ ಹಿಡಿತ ತಪ್ಪುತ್ತದೆ. ಆದ್ದರಿಂದ ಮುಂಭಾಗಕ್ಕೂ ತಕ್ಕ ತೂಕವಿರಬೇಕು. ನೀರು ತುಂಬಿದೆಯೆಂಬ ಧೈರ್ಯದಿಂದ ಕಡಿದಾದ ಬದುವನ್ನು ಅಡ್ಡಲಾಗಿ ದಾಟುವುದು ಸಲ್ಲದು. ಉರುಳಿದಾಗ ಚಾಲಕನನ್ನು ಕಾಯುವುದು ರಕ್ಷಣಾ ಚೌಕಟ್ಟು ಮತ್ತು ಸೀಟ್ ಬೆಲ್ಟ್ ಮಾತ್ರ.

ಸದಸ್ಯರು ಈ ವಿಷಯವನ್ನು ಮುಂಗಾರಿಗೆ ಮುನ್ನ ಗ್ರಾಮಸಭೆಯಲ್ಲಿ ಪ್ರಸ್ತಾಪಿಸಿ, ತಮ್ಮ ವ್ಯಾಪ್ತಿಯ ಟ್ರ್ಯಾಕ್ಟರ್ ಮಾಲೀಕರಿಗೂ ಬಾಡಿಗೆ ಕೇಂದ್ರಗಳ ಚಾಲಕರಿಗೂ ತಿಳಿಯಪಡಿಸುವುದು ಅಗತ್ಯ. ಟೈರಿನಲ್ಲಿ ನೀರಿರುವ ಸಂಗತಿ ಚಾಲಕ ಬದಲಾದಾಗಲೂ ತಿಳಿದಿರುವಂತೆ ಟ್ರ್ಯಾಕ್ಟರಿನ ಮೇಲೆ ಬರೆಸುವುದು ಉತ್ತಮ. ಎರಡು ಸಾಲಿನ ಆ ಬರಹಕ್ಕೆ ಖರ್ಚಿಲ್ಲ. ತಪ್ಪುವ ಅವಘಡಕ್ಕೆ ಬೆಲೆ ಕಟ್ಟಲಾಗದು.